ಕುದುರೆಬಾಲ

ಕೈಗವಸು ಹಾಕಿಕೊಳ್ಳಿ. ಹೆದರಬೇಡಿ.
ಹೋದ ವಾರ ಬ್ಯಾಡಗಿಯ ಹುಡುಗನೊಬ್ಬ
ಗರಗಸದ ಸದ್ದಿಗೇ ಬಿದ್ದ;
ಈಗ ಮುಂದಿನ ಸಾಲಲ್ಲಿ ನಿಂತು ನಗುತ್ತಿದ್ದಾನೆ, ನೋಡಿ.

ನಾನು ಡಾಕ್ಟರಲ್ಲ. ಪುರ್ಸು ಹರಿಕಂತ್ರ.
ಈ ಹಾಲಿನ ಬೀಗ ನನ್ನದು, ತೊಟ್ಟಿ ನನ್ನದು,
ನೀಲಾಂಬರಿ ಮೇಡಂ ಬರುವವರೆಗೆ
ಮಾತೂ ನನ್ನದೇ.

ಬುರುಡೆಯ ಟೊಪ್ಪಿ ಎತ್ತಿದರೆ ಮೊದಲು ಸಿಗುವುದು ಪೊರೆ.
ದಪ್ಪ, ಹಾಯಿಬಟ್ಟೆಯಂಥದು. ಕತ್ತರಿಯೇ ಬೇಕು.
ಅದರಡಿ ಜೇಡರಬಲೆ.
ಅದರಡಿ ಇನ್ನೊಂದು, ಬಿಡಿಸಲು ಬಾರದ್ದು,
ಸುರುಳಿ ಸುರುಳಿಗೂ ಅಂಟಿಕೊಂಡು,
ಒದ್ದೆ ಪಂಚೆ ಮೈಗಂಟಿದ ಹಾಗೆ.
ಈ ಎರಡರ ನಡುವೆ ನೀರು. ಜೀವವಿದ್ದಾಗ ಮೆದುಳು
ಅದರಲ್ಲಿ ತೇಲುತ್ತದೆ, ಲಂಗರು ಹಾಕಿದ ದೋಣಿ.
ಕೈಗೆ ಬಂದರೆ ಒಂದು ಕಿಲೋ ಮುನ್ನೂರು, ಮುನ್ನೂರೈವತ್ತು;
ಆ ನೀರಲ್ಲಿ ಐವತ್ತು ಗ್ರಾಮೂ ಇಲ್ಲವಂತೆ.
ಮೀನು ತೂಗಿದ ಕೈ ನನ್ನದು, ಮೊದಲ ದಿನ ನಂಬಲಿಲ್ಲ.

ಎರಡು ಹೋಳು. ಎಡದ್ದು ಬಲಗೈ ಆಡಿಸುತ್ತದೆ,
ಬಲದ್ದು ಎಡಗೈ. ಎಳೆಗಳು ಅಡ್ಡಹಾಯುವುದು ಇಲ್ಲಿ,
ಕತ್ತು ಶುರುವಾಗುವ ಮೊದಲು, ಈ ಕಾಂಡದ ತುದಿಯಲ್ಲಿ.
ನಮ್ಮಕ್ಕ ಶೇವಂತಿಗೆ ಬಲಗಡೆ ಪೂರ್ತಿ ಬಿದ್ದುಹೋದಾಗ
ಎಣ್ಣೆ ತಿಕ್ಕಿದ್ದು ಬಲಗೈಗೆ, ವರ್ಷಗಟ್ಟಲೆ.
ಒಡೆದದ್ದು ಎಡಗಡೆ, ಮೇಲೆ,
ಯಾರ ಎಣ್ಣೆಯೂ ಮುಟ್ಟದ ಜಾಗದಲ್ಲಿ.
ಮಾತೂ ಹೋಗಿತ್ತು.
ಬೈಗುಳ ಮಾತ್ರ ಉಳಿದಿತ್ತು, ಪುಣ್ಯಕ್ಕೆ.

ಹಿಂದೆ, ಕೆಳಗೆ, ಇದು ಕಿರುಮೆದುಳು.
ಕೊಯ್ದರೆ ಒಳಗೊಂದು ಮರ, ಕೊಂಬೆ ರೆಂಬೆ ಸಮೇತ.
ಅಲೆಯ ಮೇಲೆ ನಿಂತು ಬಲೆ ಬೀಸುವವನಿಗೆ ಇದೇ ದೇವರು;
ನಾಲ್ಕು ಗ್ಲಾಸು ಏರಿಸಿದವನ ಮೇಲೆ ಮೊದಲು ಮುನಿಯುವುದೂ ಇದೇ.

ಕಿವಿಯ ಪಕ್ಕದ ಹೋಳಿನ ಒಳಮಗ್ಗುಲಲ್ಲಿ ಅಡಗಿದ್ದು,
ಮೆಲ್ಲಗೆ, ಮೆಲ್ಲಗೆ, ಕಡಲ್ಗುದುರೆ.
ಹೆಸರೇ ಹಾಗೆ, ನಾನಿಟ್ಟದ್ದಲ್ಲ.
ಬೈತಖೋಲದಲ್ಲಿ ಸಿಗಡಿಯ ಜತೆ ಬಲೆಗೆ ಬರುತ್ತಿತ್ತಲ್ಲ,
ಬಾಲ ಸುತ್ತಿಕೊಂಡು, ಯಾರೂ ಕೊಳ್ಳದ್ದು, ಅದೇ.
ಹೊಸ ನೆನಪು ಕಟ್ಟುವುದು ಇದಂತೆ.
ಇದು ಹೋದರೆ ಬೆಳಿಗ್ಗೆ ಉಂಡ ಗಂಜಿ ಮರೆತೀತು;
ಹಳೆಯದು ಎಲ್ಲೆಲ್ಲೋ ಉಳಿದಿರುತ್ತದೆ,
ಮನೆ ಬಿದ್ದ ಮೇಲೂ ಬಾವಿ ಇದ್ದ ಹಾಗೆ.

ಈಗ ಬೆನ್ನು.
ಮೂಳೆಯ ಕಮಾನುಗಳನ್ನು ಒಂದೊಂದೇ ಒಡೆಯಲು
ನನಗೆ ನಿನ್ನೆಯ ಬೆಳಗೆಲ್ಲ ಬೇಕಾಯಿತು.
ಹುರಿ ನೋಡಿ: ಕಿರುಬೆರಳ ದಪ್ಪ, ಮೊಳದುದ್ದ.
ಸೊಂಟಕ್ಕೆ ಬರುತ್ತಲೇ ಮುಗಿದುಹೋಯಿತು!
ಕೆಳಗಿನ್ನೂ ಅಷ್ಟು ಮೂಳೆ ಇದೆ.

ಮೇಡಂ ಹೇಳಿದ್ದು: ಬಸಿರಲ್ಲಿ ಮೂರು ತಿಂಗಳಿಗೆ
ಹುರಿಯೂ ಬೆನ್ನೂ ಒಂದೇ ಉದ್ದ,
ಪ್ರತಿ ನರಕ್ಕೂ ಎದುರಿಗೇ ಅದರ ಬಾಗಿಲು.
ಆಮೇಲೆ ಮೂಳೆ ಓಡಿತು, ಹುರಿ ಹಿಂದುಳಿಯಿತು.
ಬಾಗಿಲು ಕೆಳಕೆಳಗೆ ಹೋಯಿತು.
ನರ ಬೇರೆ ಬಾಗಿಲು ಹುಡುಕಲಿಲ್ಲ.
ಬೆರಳುದ್ದ, ಗೇಣುದ್ದ ಇಳಿದು ಇಳಿದು
ತನ್ನದೇ ಬಾಗಿಲಲ್ಲಿ ಹೊರಬಿತ್ತು.
ಆ ಎಳೆಗಳ ಕಂತೆಗೆ ಕುದುರೆಬಾಲ ಅಂತಾರೆ.

ಕುದುರೆ ತಲೆಯಲ್ಲಿ, ಬಾಲ ಸೊಂಟದಲ್ಲಿ!
ನಗಬಹುದು. ನಾನೂ ನಕ್ಕಿದ್ದೆ.

ನಮ್ಮ ಮನೆ ಅರಗಾದಲ್ಲಿತ್ತು. ನೌಕಾನೆಲೆ ಬಂತು.
ತೋಡೂರಲ್ಲಿ ಸೈಟು ಕೊಟ್ಟರು. ಇಪ್ಪತ್ತು ವರ್ಷದ ಮೇಲಾಯ್ತು.
ಈಗಲೂ ಸಂಜೆಯ ಅಂಕೋಲೆ ಬಸ್ಸು ಆ ಗೇಟು ದಾಟುವಾಗ
ಕಾಲು ಇಳಿಯಲು ಏಳುತ್ತದೆ, ತಲೆಯನ್ನು ಕೇಳದೆ.
ಮೇಡಂಗೆ ಹೇಳಿದೆ: ಬೆನ್ನುಹುರಿಯ ಕೆಲಸವಿರಬೇಕು,
ಕಾದ ಕಾವಲಿಗೆ ತಾಗಿದ ಕೈ
ಉರಿ ತಿಳಿಯುವ ಮೊದಲೇ ಹಿಂದೆ ಬರುತ್ತಲ್ಲ, ಹಾಗೆ.

‘ಅಲ್ಲ ಪುರ್ಸಣ್ಣ,’ ಅಂದರು. ‘ಅದು ಕಲಿತ ದಾರಿ.
ಮೆದುಳಿನದೇ. ಆಳದಲ್ಲಿ ಗಂಟುಗಳಿವೆ, ಅಲ್ಲಿ.’
ಕೊಯ್ದು ತೋರಿಸಿದರು. ಬಿಳಿಯ ನಡುವೆ ಬೂದು ಬಣ್ಣ.
ತುಂಬ ಹೊತ್ತು ನೋಡಿದೆ.
ಅಲ್ಲಿ ಗೇಟೂ ಇರಲಿಲ್ಲ, ಕಾವಲಿನವನೂ ಇರಲಿಲ್ಲ.

ಅಗೋ, ಮೇಡಂ ಚಪ್ಪಲಿ ಸದ್ದು.
ಹುರಿಯ ಮೇಲೆ ಒದ್ದೆಬಟ್ಟೆ ಎಳೆಯಿರಿ,
ಒಣಗಬಾರದು.