ಅಕ್ಷರಕ್ಕ ಆರು ರೂಪಾಯಿ

ಅಕ್ಷರಕ್ಕ ಆರು ರೂಪಾಯಿ ನನ್ನ ದರ.
ಒತ್ತಕ್ಷರಕ್ಕ ಜಾಸ್ತಿ ತೊಗೊಳ್ಳಂಗಿಲ್ಲ,
ದೀರ್ಘಾ ಫುಕಟ್.
ಅಂಗಡಿ ಬೋರ್ಡು, ಟ್ರಾಲಿ ಹಿಂದಿನ ಹೆಸರು,
ಹೊಳಿ ದಂಡಿಯಿಂದ ಜಮಖಂಡಿತನಕ
ಬಂದೇನವಾಜ ಪೇಂಟರ ಅಂದ್ರ ಸಣ್ಣ ಹುಡುಗೂರೂ ಮನಿ ತೋರಸ್ತಾರ.

ಈ ಸಾಲಿ ಗ್ವಾಡಿನೂ ನಾನಽ ಬರದದ್ದು. ಇಲ್ಲೇ ಕಲತಾಂವ.
ಮ್ಯಾಲ ಶಿಸ್ತು, ಸಮಯ ಪಾಲನೆ, ಸ್ವಚ್ಛತೆ.
ಕೆಳಗ, ಒಂದನೇತ್ತದವರ ಕೈಗೆ ಎಟಕುವಂಗ,
ಸತ್ಯ. ದಯೆ. ಹಂಚಿ ತಿನ್ನೋಣ.

ಶ್ರಾವಣದಾಗ ಹೊಳಿ ಬಂತು.
ಐದನೇತ್ತದ ಖೋಲಿಯೊಳಗ ಹಾಜರಿ ಪುಸ್ತಕ ತೇಲ್ಯಾಡಿತು.
ನಾಕು ದಿನಕ್ಕ ಇಳೀತು; ಮಣ್ಣಿನ ಮನಿ ಬಿದ್ದ ಮಂದಿ
ಗಂಟು ಮೂಟಿ, ಆಡು, ಮುದುಕರ ಸಮೇತ
ಸಾಲಿಗೆ ಬಂದು ನಲವತ್ತೊಂದು ದಿನ ಇದ್ರು.
ಪಟ್ಟಿ ಆತು. ಪಟ್ಟಿಯೊಳಗ ಹೆಸರಿದ್ದವ್ರಿಗೆ ಗಂಜಿ.
ಇಟ್ಟಂಗಿ ಭಟ್ಟಿಯವರ ಹೆಸರು ಇದ್ದಿದ್ದಿಲ್ಲ.
ಅವರೇನು ನಮ್ಮೂರವರಲ್ಲ, ಅಂದ ಕಮಿಟಿ ಅಧ್ಯಕ್ಷ ಚನಮಲ್ಲಪ್ಪ.
ಯಾರೂ ತುಟಿ ಬಿಚ್ಚಲಿಲ್ಲ.
ನಾನೂ ಅಲ್ಲೇ ಇದ್ದೆ. ಪಟ್ಟಿಯೊಳಗ ನನ್ನ ನಂಬರು ಹದಿನೇಳು.

ಆಮ್ಯಾಲ ಅಕ್ಕಿ ಕಡಿಮಿ ಬಂತು, ದಿನಾ ಒಂದು ಸೇರು.
ಬಿಸಿಯೂಟದ ದುಂಡವ್ವನ ಉಡಿ ಜಾಡಿಸಿ ನೋಡಿದ್ರು,
ಎಲ್ಲಾರ ಮುಂದ. ಹದಿಮೂರು ವರ್ಷ ಅಡಗಿ ಮಾಡಿದಾಕಿ.
ಉಡಿಯೊಳಗ ಇದ್ದದ್ದು ಎಲಿ ಅಡಿಕಿ ಚಂಚಿ,
ಸೊನ್ನಿ ರೂಪಾಯಿದೊಂದು ಬಸ್ ತಿಕೀಟು.

ಒಯ್ದಾಂವ ಆರನೇತ್ತದ ಮಾಳಿಂಗ.
ದಫ್ತರದಾಗ ಅಕ್ಕಿ ತುಂಬಿಕೊಂಡು ಭಟ್ಟಿಗೆ ಹೋಗತಿದ್ದ;
ಅಲ್ಲಿ ಅವನ ಜೋಡಿ ಗೋಲಿ ಆಡೂ ಹುಡುಗ ಒಬ್ಬ ಇದ್ದ.
ಅದು ಗೊತ್ತಾದದ್ದು ದೀಪಾವಳಿ ಆದಮ್ಯಾಲ.
ಅಷ್ಟೊತ್ತಿಗೆ ಭಟ್ಟಿಯವರು ಎಲ್ಲೋ ಹೋಗಿಬಿಟ್ಟಿದ್ರು.
ಅಧ್ಯಕ್ಷ ದುಂಡವ್ವನ ಮನಿಗೆ ಐದು ಕೇಜಿ ಸಕ್ರಿ ಕಳಿಸಿದ.
ಸಕ್ರಿ ಹೊಳ್ಳಿ ಬಂತು.

ಮೊನ್ನೆ, ಪರೀಕ್ಷಾ ಮುಗದ ಶನಿವಾರ, ಎಲ್ಲಾರೂ ಕೂಡಿದ್ರು.
ನೀಲಾಂಬಿಕಾ ಅಕ್ಕೋರು ಅಂದ್ರು:
"ಮ್ಯಾಲಿಂದು ಉಳದೈತಿ, ಕೆಳಗಿಂದು ಹೊಳಿ ಪಾಲಾಗೇತಿ.
ಹಳೇದನ್ನಽ ಬರಸೂಣೇನು?
ಬರಸಾಕ ನಮಗ ಮುಖಾ ಐತೇನು?"

ಒಬ್ಬ ಐಕ್ಯತೆ ಅಂದ. ಒಬ್ಬ ದೇಶಸೇವೆ ಅಂದ.
ನಾ ಬೆರಳು ಎಣಿಸಿ ರೇಟು ಹೇಳಕೋತ ಕುಂತೆ.
ಚನಮಲ್ಲಪ್ಪ ಟೋಪಿಗಿ ತಗದು ಮಡಚಿದ, ಬಿಚ್ಚಿದ, ಮತ್ತ ಮಡಚಿದ.

ಹಿಂದ ಕುಂತ ಮಾಳಿಂಗ ಎದ್ದು ನಿಂತ:
"ದುಂಡವ್ವಾಯಿ ಮದಲ ತಾಟು ಕೊಡೂಮುಂದ
ಮುಂಜಾನೆ ಉಂಡೀ ಇಲ್ಲೋ ಅಂತ ಕೇಳತಿದ್ಲು.
ಈಗ ಕೇಳಂಗಿಲ್ಲ. ಹಾಕತಾಳ, ಅಷ್ಟಽ.
ಅದನ್ನ ಬರಸ್ರಿ."

ಉಂಡೀ ಇಲ್ಲೋ. ನಾಕು ಅಕ್ಷರ. ಇಪ್ಪತ್ನಾಕು ರೂಪಾಯಿ.
ರೇಟು ನನ್ನ ಬಾಯಿಂದ ಹೊರಗ ಬರಲಿಲ್ಲ.

ಎಲ್ಲಾರೂ ದುಂಡವ್ವನ ಕಡೆ ತಿರುಗಿದ್ರು.
ಬಾಗಲಾ ಹಿಡದು ನಿಂತಾಕಿ ಸೆರಗಿಗೆ ಕೈ ಒರಸಿಕೊಂಡ್ಲು:
"ಗ್ವಾಡಿ ಕೇಳಿದ್ರ ಹೊಟ್ಟಿ ಉತ್ತರಾ ಕೊಡತೈತೇನ್ರಿ?"
ಒಳಗ ಹೋದ್ಲು. ಬ್ಯಾಳಿ ಉಕ್ಕತಿತ್ತು.

ಈಗ ನನ್ನ ಮಾತು. ಸಭಾದಾಗ ಹೇಳಾಕ ಆಗಲಿಲ್ಲ.
ಹೊಳಿದೇನೂ ತಪ್ಪಿಲ್ಲ.
ಮ್ಯಾಲಿನ ಸಾಲಿಗೆ ಆಯಿಲ್ ಪೇಂಟ್ ಹಚ್ಚಿದ್ದೆ,
ಸಾಹೇಬರ ಕಣ್ಣು ಅಲ್ಲೇ ಬೀಳೂದು ಅಂತ.
ಕೆಳಗಿನ ಸಾಲಿಗೆ ಹಳೇ ಡಬ್ಬಿ ತಳದ ಡಿಸ್ಟೆಂಪರು, ನೀರು ಕೂಡಿಸಿ.
ಬಿಲ್ಲು ಮಾತ್ರ ಎರಡಕ್ಕೂ ಒಂದಽ.
ಸತ್ಯಕ್ಕ ಹನ್ನೆರಡು ರೂಪಾಯಿ ಎಣಿಸಿಕೊಂಡು
ಮೂರು ರೂಪಾಯಿದು ಹಚ್ಚೀನಿ.

ಏನು ಬರೀಬೇಕು ಅಂತ ಇನ್ನೂ ತೀರ್ಮಾನ ಆಗಿಲ್ಲ.
ನೀರಿನ ಗೆರಿ ಅಳಸಬ್ಯಾಡ ಅಂದಾರ ಅಕ್ಕೋರು. ಅಳಸಿಲ್ಲ.
ಇವತ್ತು ಜಮಖಂಡಿಯಿಂದ ಹೊಸಾ ಡಬ್ಬಿ ತಂದೀನಿ, ನನ್ನ ರೊಕ್ಕದ್ದು.
ಗೆರಿ ಕೆಳಗ ಕುಕ್ಕುರಗಾಲಿಲೆ ಕುಂತು
ಸ ಬರದೆ. ತ ಬರದೆ. ಅದಕ್ಕ ಯ-ದ ಒತ್ತು ಇನ್ನೂ ಬಾಕಿ.

ಒಳಗ ತಾಟಿನ ಸಪ್ಪಳ. ಹುಡುಗೂರ ಸಾಲು.
ಸೌಟು ಬಡದದ್ದು. ಮತ್ತೊಂದು. ಮತ್ತೊಂದು.
ಕುಂಚ ಎತ್ತಿ ಹಿಡದು ಕುಂತೀನಿ,
ನಡುವ ಮಾತೊಂದು ಬರತೈತೇನೋ ಅಂತ.
ಬಣ್ಣ ಮಣಕೈತನಕ ಇಳದೈತಿ.