ಎರಡು ಗೆರೆ

ಮೊದಲ ಎರಡು ತಿಂಗಳು ಯಂತ್ರ ಮುಟ್ಟಿಸಲಿಲ್ಲ.
ಒಂದು ಅರ, ಒಂದು ವೈಸು,
ಅಂಗೈಯಗಲದ ಕಬ್ಬಿಣದ ತುಂಡು.
‘ಚೌಕ ಮಾಡು’ ಅಂದರು ಕರಿಬಸಪ್ಪ ಮೇಸ್ತ್ರಿ,
ಉಪ್ಪಿಟ್ಟು ಮಾಡು ಅಂದ ಹಾಗೆ.
ಮಾಡಿದೆ.
ಮೂಲೆಮಟ್ಟ ಇಟ್ಟು ಟ್ಯೂಬ್‌ಲೈಟಿಗೆ ಹಿಡಿದರು;
ಕಬ್ಬಿಣಕ್ಕೂ ಮಟ್ಟಕ್ಕೂ ನಡುವೆ
ಬೆಳಕು ಇರುವೆ ಸಾಲಿನಂತೆ ತೂರಿಬಂತು.
‘ನೋಡವ್ವ, ಇಷ್ಟು ಸುಳ್ಳು ಐತೆ ಇದರಾಗೆ.’
ಉಜ್ಜಿದೆ. ಬೆಳಕು ಮುಚ್ಚುವಷ್ಟರಲ್ಲಿ
ತುಂಡು ಅರ್ಧ ಸವೆದಿತ್ತು.

ಮೇಸ್ತ್ರಿ ಹಿಂದೆ ದಾವಣಗೆರೆಯದೇ ಹತ್ತಿ ಗಿರಣಿಯ ಫಿಟ್ಟರ್.
ಗಿರಣಿ ಮುಚ್ಚಿದ ದಿನ ಉಳಿದವರು ಬಾಕಿ ಕೇಳಿದರೆ
ಇವರು ಮೈಕ್ರೋಮೀಟರ್ ಕೇಳಿದರಂತೆ.
ಅದು ಮರದ ಪೆಟ್ಟಿಗೆಯಲ್ಲಿ, ಹಸಿರು ಮಖಮಲ್ಲಿನ ಮೇಲೆ
ಎಣ್ಣೆ ಸವರಿಸಿಕೊಂಡು ಮಲಗಿರುತ್ತದೆ, ಹಸುಗೂಸಿನ ಹಾಗೆ.
‘ಕೂದಲೊಂದು ಕೀಳು. ಅಳೆ’ ಅಂದರು ಒಂದು ದಿನ.
ಟೋಪಿಯೊಳಗಿನ ಗಂಟಿನಿಂದ ಒಂದೆಳೆ ಎಳೆದೆ.
ಕಟಕ್, ಕಟಕ್, ಕಟಕ್.
ಮೂರನೆಯ ಸದ್ದಿಗೆ ಕೈ ಬಿಡಬೇಕು. ನಾಲ್ಕನೆಯದು ದುರಾಸೆ.
ಏಳು ಗೆರೆ.
‘ನಿನ್ನ ಒಂದು ಕೂದಲಿನಾಗೆ ಏಳು ಮನೆ ಅದಾವೆ.
ನಮ್ಮ ಸಂಸಾರ ಅದರಾಗೆ ಒಂದು ಮನೆಯಾಗೆ.’
ಅಲ್ಲಿಯವರೆಗೆ ನನಗೆ ಕೂದಲೆಳೆ ಅಂದರೆ
ಸ್ವಲ್ಪದರಲ್ಲಿ ತಪ್ಪಿದ ಲಾರಿ,
ಉಳಿದ ಜೀವ.

ಆಮೇಲೆ ಲೇಥು.
ಚಕ್ಕಿನಲ್ಲಿ ಕೀಲಿ ಬಿಟ್ಟು ಸ್ವಿಚ್ಚಿಗೆ ಕೈ ಹಾಕಿದ ದಿನ
ಮೇಸ್ತ್ರಿ ಬೈಯಲಿಲ್ಲ. ಕೈ ಹಿಡಿದು ಒಯ್ದು
ತಗಡಿನ ಗೋಡೆಯ ತೂತು ತೋರಿಸಿದರು.
ತೂತಿನಾಚೆ ಬೇವಿನ ಮರ, ಬಿಸಿಲು.
ಯಾರ ಕೈಯಿಂದ ಎಂದು ನಾನೂ ಕೇಳಲಿಲ್ಲ.

ಉಕ್ಕಿನ ಸುರುಳಿ ಮೊದಲು ಬೆಳ್ಳಿ,
ಆಮೇಲೆ ಜೇನು, ಆಮೇಲೆ ನವಿಲುನೀಲಿ.
ಬಣ್ಣ ನೋಡಿಯೇ ಬಿಸಿ ತಿಳಿಯಬೇಕು;
ನಾನು ಬಣ್ಣ ನೋಡುತ್ತಾ ಬಿಸಿ ಮರೆತೆ.

ಸೋಮವಾರ, ಪಂಪಿನ ಶಾಫ್ಟು. ಬೇಕಾದದ್ದು ಇಪ್ಪತ್ತೈದು.
ಚಕ್ಕಿನಲ್ಲಿದ್ದಂತೆಯೇ ಅಳೆದೆ:
ಇಪ್ಪತ್ತೈದು, ಪಾಯಿಂಟು, ಸೊನ್ನೆ, ಸೊನ್ನೆ.
ಆ ಎರಡು ಸೊನ್ನೆಗಳನ್ನು ಕಿವಿಗೆ ಹಾಕಿಕೊಳ್ಳಬಹುದಿತ್ತು.
ಉಂಡು, ಡಬ್ಬಿ ತೊಳೆದು ಬಂದು ನೋಡಿದರೆ
ಎರಡು ಗೆರೆ ಕಡಿಮೆ.
ಯಾರೂ ಮುಟ್ಟಿಲ್ಲ. ಮಷೀನು ನಿಂತೇ ಇದೆ.
ಉಕ್ಕು ತನ್ನಷ್ಟಕ್ಕೆ ತಾನು ತಣ್ಣಗಾಗಿ
ತನ್ನ ಅಳತೆಗೆ ಇಳಿದಿದೆ.
‘ಬಿಸಿ ಇದ್ದಾಗ ಕೇಳೀಯ.
ಬಿಸಿಯಾಗೆ ಎಲ್ಲರೂ ಹಿಗ್ಗಿಸೇ ಹೇಳ್ತಾರವ್ವ.’
ಕೆಂಪು ಬಣ್ಣ ಬಳಿದು ಕೈಗಿಟ್ಟರು: ‘ಮನೆಗೆ ಒಯ್ಯಿ.’

ಅಪ್ಪ ಮಂಡಕ್ಕಿ ಭಟ್ಟಿಯಲ್ಲಿ ಇಪ್ಪತ್ತಾರು ವರ್ಷ.
ಶಾಫ್ಟು ಹೊರಳಿಸಿ ಹೊರಳಿಸಿ ನೋಡಿದ,
ಎರಡು ಗೆರೆ ಅಂದರೆ ಎಷ್ಟು ಅಂದ.
ಕೂದಲಿನ ಲೆಕ್ಕ ಹೇಳಿದೆ. ನಗಲಿಲ್ಲ.
‘ಮರಳು ಕಾದದ್ದು ಚೂರು ಹೆಚ್ಚಾದರೆ ಅಕ್ಕಿ ಕಪ್ಪು,
ಕಮ್ಮಿಯಾದರೆ ಕಲ್ಲು.
ನನಗ್ಯಾರೂ ಗೆರೆ ಕೊಡಲಿಲ್ಲ, ಮುಬೀನಾ.
ಮರಳಿನ ಸದ್ದು ಕೇಳ್ತಿದ್ದೆ.’
ಮೈಕ್ರೋಮೀಟರಿನ ಸದ್ದು ನಾಲಿಗೆಯಲ್ಲಿ ಮಾಡಿ ತೋರಿಸಿದೆ.
ಅವನೂ ಮಾಡಿದ,
ಹೇಳಿಕೊಡದಿದ್ದರೂ ಮೂರಕ್ಕೇ ನಿಂತ.

ಆ ಶಾಫ್ಟು ಈಗ ಅಮ್ಮನ ಒಲೆಯ ಪಕ್ಕ,
ಬೆಳ್ಳುಳ್ಳಿ ಜಜ್ಜಲು.
ಅದು ರಿಜೆಕ್ಟು, ಎರಡು ಗೆರೆ ಕಡಿಮೆ ಎಂದರೆ
‘ಬೆಳ್ಳುಳ್ಳಿಗೇನೂ ಗೊತ್ತಾಗಿಲ್ಲ’ ಅನ್ನುತ್ತಾಳೆ.

ಗುರುವಾರ ಇನ್ನೊಂದು.
ಕೊನೆಯ ಕಟ್ಟಿಗೆ ಮುಂಚೆ ನಿಲ್ಲಿಸಿದೆ.
ಹಾಲಿನಂಥ ಕೂಲಂಟು ಸುರಿದು, ಒರೆಸಿ,
ಕೈ ಮಡಿಲಲ್ಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತೆ.
ಮುಟ್ಟಿದರೆ ನನ್ನ ಬಿಸಿಯೂ ಅದಕ್ಕೆ ಹೋಗುತ್ತದೆ.
ಮೇಸ್ತ್ರಿ ಎರಡು ಸಲ ಹಾದುಹೋದರು.
ಸುಮ್ಮನೆ ಕೂತವರನ್ನು ಕಂಡರಾಗದ ಮನುಷ್ಯ.
ಮೂರನೆಯ ಸಲ ಬಂದು
ನನ್ನ ಕಡೆಗಿದ್ದ ಫ್ಯಾನನ್ನು
ಶಾಫ್ಟಿನ ಕಡೆ ತಿರುಗಿಸಿ ಹೋದರು.