ಎಷ್ಟು ರಾಗ

ಲೂಯಿಸ್ ದ್ವೀಪದ ಚರ್ಚು. ವಾದ್ಯವಿಲ್ಲ.
ದೋಣಿಯಿಂದ ದಡಕ್ಕೆ ಹಗ್ಗ ಎಸೆದಂತೆ
ಮುದುಕ ಟಾರ್ಕ್ವಿಲ್ ಒಂದು ಸಾಲು ಎಸೆದ.
ಎಲ್ಲರೂ ಹಿಡಿದರು,
ಯಾರೂ ಒಟ್ಟಿಗಲ್ಲ.
ಒಬ್ಬಳು ಸ್ವರದ ಮೇಲೇ ಕೂತಳು, ಒಬ್ಬ ಜಾರಿದ,
ಹಿಂದಿನ ಬೆಂಚಿನ ಒಡಕು ದನಿ
ಎಲ್ಲ ಮುಗಿದಮೇಲೆ ಬಂದು ಸೇರಿತು.

ನಾನು ಗ್ಲಾಸ್ಗೋದಲ್ಲಿ ಸಂಗೀತದ ಮೇಷ್ಟರು:
ಒಂಟಿ ದನಿ, ಊರುಗೋಲು ಹಿಡಿದ ದನಿ,
ಒಂದನ್ನೊಂದು ಅಟ್ಟಿಸಿಕೊಂಡು ಹೋಗುವ ದನಿಗಳು
ಎಂದು ಬೋರ್ಡಿನ ಮೇಲೆ ಗೆರೆ ಎಳೆಯುವವ.
ಇಲ್ಲಿ ಪೆನ್ಸಿಲ್ಲು ಮೂರನೇ ಸಾಲಿಗೇ ನಿಂತಿತು.

ಹೊರಗೆ, ಗಾಳಿಗೆ ಟೋಪಿ ಅದುಮಿಕೊಂಡು,
"ಎಷ್ಟು ರಾಗ ಹಾಡಿದಿರಿ?" ಎಂದೆ.
"ಒಂದೇ" ಎಂದಳು ಎಫ್ರಿಕ್,
ನಾನೇನೋ ಬೈದೆನೆಂಬಂತೆ.

ಮರುದಿನ ಅವಳ ಮಗ್ಗದ ಕೊಟ್ಟಿಗೆ.
ಕಂದು ಬಟ್ಟೆ ಎಂದುಕೊಂಡಿದ್ದೆ.
ಕಿಟಕಿಗೆ ಹಿಡಿದು ಎಳೆಯೊಂದನ್ನು ಬಿಡಿಸಿದಳು:
ನೀಲಿ, ತುಕ್ಕು, ಜೊಂಡಿನ ಹಸಿರು,
ಒಂದು ಚಿಟಿಕೆ ಹಳದಿ.
ಕಂದು ಮಾತ್ರ ಎಲ್ಲೂ ಇಲ್ಲ.

"ಮತ್ತೆ ಆ ಕೊನೆಯ ದನಿ?"

"ಫಿನ್ಲೆ. ತಮ್ಮ ಮುಳುಗಿದಂದಿನಿಂದ ಹಾಗೆಯೇ, ತಡ.
ಅವನು ಬರುವವರೆಗೆ
ಸಾಲು ಮುಗಿದಿರುವುದಿಲ್ಲ."

ಇನ್ನೂ ಏನೋ ಹೇಳಿದಳು.
ಲಾಳಿ ಓಡತೊಡಗಿತ್ತು, ಕೇಳಿಸಲಿಲ್ಲ.